ತೊಟ್ಟಿಲಿನ ಮೇಲಿನ ಎರಡು ಬಿರುಕು

ಸಾಂತಾಕ್ರೂಜಿನ ಚಾಳಿನಲ್ಲಿ ನಮ್ಮ ನೆತ್ತಿಯ ಮೇಲಿನ ಖೋಲಿಯಲ್ಲಿದ್ದವರು ಉಡುಪಿ ಕಡೆಯವರೇ. ಆ ಮನೆಯ ಅಕ್ಕ ಮದುವೆಯಾಗಿ ಬರುವಾಗ ಊರಿನಿಂದ ಹಡಗಿನಲ್ಲಿ ಹಿಟ್ಟು ರುಬ್ಬಲು ಕಡೆಯುವ ಕಲ್ಲನ್ನೇ ತಂದಿದ್ದರು. ಮುಂಬಯಿಯ ಕಲ್ಲಿನಲ್ಲಿ ಕಡೆದ ಹಿಟ್ಟು ಹಿಟ್ಟೇ ಅಲ್ಲ ಎಂಬುದು ಅವರ ಹಟ. ಮಧ್ಯಾಹ್ನ ಅವರು ಕಡೆಯಲು ಕೂತರೆ ನಮ್ಮ ಸೂರು ಗುಡುಗುಡು ಎನ್ನುತ್ತಿತ್ತು.

ಐವತ್ತರ ದಶಕದಲ್ಲಿ, ನಾನು ಬಾಣಂತಿಯಾಗಿದ್ದ ಮಳೆಗಾಲ, ಆ ಸೂರಿನ ಗಾರೆಯಲ್ಲಿ ಎರಡು ಬಿರುಕು ಹುಟ್ಟಿದವು. ಒಂದು ಕಿಟಕಿಯ ಕಡೆಯಿಂದ, ಇನ್ನೊಂದು ಪಾತ್ರೆ ತೊಳೆಯುವ ಮೋರಿಯ ಮೂಲೆಯಿಂದ. ಎರಡೂ ಎದುರುಬದುರಾಗಿ ಹೊರಟದ್ದು ತೊಟ್ಟಿಲಿನ ಮೇಲಕ್ಕೇ. ಅಕ್ಕ ಕಡೆದ ದಿನ ಬಿರುಕಿನ ತುದಿ ಬೆರಳಗಲ ಮುಂದೆ ಬಂದಿರುತ್ತಿತ್ತು; ಕಡೆಯದ ಏಕಾದಶಿಯಂದು ಅಲ್ಲೇ ನಿಂತಿರುತ್ತಿತ್ತು. ತೊಟ್ಟಿಲು ಕಟ್ಟಲು ತೊಲೆಯಲ್ಲಿ ಇದ್ದದ್ದು ಒಂದೇ ಕೊಂಡಿ. ನೆಲದಲ್ಲಿ ಮಲಗಿಸೋಣವೆಂದರೆ ಹೆಗ್ಗಣಗಳ ಕಾಟ. ಹೆದರಿಕೆಯಿಂದ ನಾನು ದಿನವಿಡೀ ಸೂರನ್ನೇ ನೋಡುತ್ತಿದ್ದೆ.

ಎರಡೂ ಮುಖಾಮುಖಿ ಕೂಡುತ್ತವೆ ಎಂದುಕೊಂಡಿದ್ದೆ. ಕೂಡಲಿಲ್ಲ. ಹತ್ತಿರ ಬಂದಾಗ ಒಂದಕ್ಕೊಂದು ದಾರಿ ಬಿಟ್ಟು, ಮೊಳದಷ್ಟು ಅಂತರದಲ್ಲಿ ಪಕ್ಕಪಕ್ಕದಲ್ಲೇ ದಾಟಿ ಹೋದವು. ಹೋಟೆಲಿನ ಕೆಲಸ ಮುಗಿಸಿ ಬಂದ ನಮ್ಮವರು ಕುತ್ತಿಗೆ ಎತ್ತಿ ನೋಡಿ ನಕ್ಕರು.

"ನೋಡು ಮಾರಾಯ್ತಿ, ಅಪ್ ಲೋಕಲ್, ಡೌನ್ ಲೋಕಲ್ ಪಾಸಾದ ಹಾಗೆ! ಇನ್ನು ಎಂತ ಹೆದರಿಕೆ?"

ಲೋಕಲ್ ಆದರೆ ಹಳಿ ಬಿಡುವುದಿಲ್ಲ. ಇವು ದಾಟಿದ ಮೇಲೆ ಬಾಗಿದವು. ಒಂದೊಂದೂ ಇನ್ನೊಂದರ ಬೆನ್ನಿನ ಕಡೆಗೆ ತಿರುಗಿತು. ನಡುವೆ ಮೊರಕ್ಕಿಂತ ದೊಡ್ಡ ಗಾರೆಯ ತುಂಡು, ದೋಣಿಯ ಆಕಾರದಲ್ಲಿ, ಎರಡೂ ಬದಿಯಿಂದ ಕತ್ತರಿಸಿಕೊಳ್ಳುತ್ತಿತ್ತು. ಅದರ ಕೆಳಗೆ ನನ್ನ ಮಗು.

ಚಾಳಿನ ಮಾಲೀಕ ಮಳೆ ಕಳೆಯಲಿ ಎಂದ. ಉಳಿದದ್ದು ಅಕ್ಕನಿಗೆ ಹೇಳುವುದು. ಆದರೆ ನನ್ನ ಬಾಣಂತನವನ್ನೆಲ್ಲ ಮಾಡಿದವರು, ಮಗುವಿಗೆ ದಿನವೂ ಎಣ್ಣೆ ಹಚ್ಚಿ ಮೀಯಿಸಿದವರು ಅವರೇ. ಕಲ್ಲು ಸರಿಸಿ ಎಂದು ಯಾವ ಬಾಯಲ್ಲಿ ಹೇಳಲಿ? ಊರಿನವರ ದಾಕ್ಷಿಣ್ಯ ಜೀವ ಹಿಂಡುತ್ತದೆ.

ಒಂದು ಮಧ್ಯಾಹ್ನ ಹೇಳಿಯೇಬಿಡುತ್ತೇನೆಂದು ಎದ್ದೆ. ಬಾಗಿಲ ಹತ್ತಿರ ಕಾಲು ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಂದು, ಗಾಢ ನಿದ್ದೆಯಲ್ಲಿದ್ದ ಮಗುವನ್ನು ಎತ್ತಿಕೊಂಡು ಮೇಲೆ ಹತ್ತಿದೆ. ಮಗುವನ್ನು ಮುಂದೆ ಮಾಡಿಕೊಂಡು ಹೋದರೆ ಅಕ್ಕನಿಗೆ ಸಿಟ್ಟು ಬರಲಿಕ್ಕಿಲ್ಲ ಎಂಬುದು ನನ್ನ ಲೆಕ್ಕಾಚಾರ.

"ನಿದ್ದೆ ಮಾಡುವ ಕೂಸನ್ನು ಯಾಕೆ ಎತ್ಕೊಂಡು ಬಂದೆ? ಅಲ್ಲೇ ಮಲಗ್ಸಿ ಬರ್ಲಿಕ್ಕೆ ಆಗ್ತಿರ್ಲಿಲ್ವಾ?" ಎಂದು ಅಕ್ಕ ಗದರಿದರು. ಗುಂಡುಕಲ್ಲು ತಿರುಗಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಅಕ್ಕಾ, ಈ ಕಲ್ಲು..." ಎಂದೆ.

ಕೆಳಗೆ ಧೊಪ್ಪೆಂದಿತು.

ಇಬ್ಬರೂ ಓಡಿ ಇಳಿದೆವು. ತೊಟ್ಟಿಲು ಗಾರೆ ತುಂಬಿಕೊಂಡು ತೂಗಾಡುತ್ತಿತ್ತು. ಮಗುವಿನ ತಲೆದಿಂಬು ಕಾಣಿಸಲೇ ಇಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಮಗುವಿನ ತಲೆ, ಕೈ, ಕಾಲು ಸವರಿ ಸವರಿ ಅತ್ತರು. ಆ ಮಧ್ಯಾಹ್ನ ನನಗೆ ಇನ್ನೂ ಸ್ವಲ್ಪ ಧೈರ್ಯವಿದ್ದಿದ್ದರೆ, ಒಬ್ಬಳೇ ಮೇಲೆ ಹೋಗುತ್ತಿದ್ದೆ.