ಟ್ರಾಂ ಎಂಜಿನ್ನು ಹತ್ತಿ ಬಂದವರು

ಕಳೆದ ವಾರ ಬಾಳಗಡಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದ ವರ್ಕ್‌ಶಾಪಿನಲ್ಲಿ ಯಾರೋ ಗ್ಯಾಸ್ ಕಟರ್ ಹಿಡಿದು ಹಳೇ ಲಾರಿಯ ಕಬ್ಬಿಣ ಕತ್ತರಿಸುತ್ತಿದ್ದರು. ತುಕ್ಕು, ಸುಟ್ಟ ಪೇಂಟು, ಹಳೇ ಗ್ರೀಸು ಎಲ್ಲ ಸೇರಿದ ಆ ಕಮಟು ಮೂಗಿಗೆ ಬಡಿದದ್ದೇ, ನರಸಿಂಹರಾಜಪುರದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ…

ದೊಡ್ಡಮ್ಮ ಅಂದರೆ ನಮಗೆ ಸಂಬಂಧವೇನಲ್ಲ. ಕೇರಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಸಾಮಿಲ್ಲಿನ ಗೇಟಿನೆದುರು ಅವರದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಊಟ. ತಮ್ಮನ ಸಂಸಾರದ ಜೊತೆಗಿದ್ದರೂ ತಮ್ಮ ಅನ್ನ ತಾವೇ ದುಡಿದು ಉಣ್ಣುತ್ತಿದ್ದರು. ಅವರ ಬೆನ್ನ ಹಿಂದೆ ಊರು ಆಡುತ್ತಿದ್ದದ್ದು ಒಂದೇ ಮಾತು: ‘ಪಾಪ, ಗಂಡ ಬಿಟ್ಟವಳು.’ ಅದು ಕಿವಿಗೆ ಬಿದ್ದರೂ ಅವರು ತಿರುಗಿ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಮಿಲ್ಲಿನ ಅಂಗಳದ ಮೂಲೆಯಲ್ಲಿ ಒಂದು ಪುಟ್ಟ ಉಗಿ ಎಂಜಿನ್ನು ಚಕ್ರಗಳನ್ನು ಮಣ್ಣಲ್ಲಿ ಹೂತುಕೊಂಡು ನಿಂತಿತ್ತು. ಹಿಂದೆ ತರೀಕೆರೆಯಿಂದ ನಮ್ಮೂರಿಗೆ ಟ್ರಾಂ ಓಡುತ್ತಿದ್ದ ಕಾಲದ್ದು. ದೊಡ್ಡ ರೈಲಿನ ಹಾಗೆ ನೀರಿಗೆ, ಸೌದೆಗೆ ಅಂತ ಬೆನ್ನಿಗೊಂದು ಗಾಡಿ ಇದಕ್ಕೆ ಇರಲಿಲ್ಲ. ಎರಡೂ ಪಕ್ಕೆಗೆ ನೀರಿನ ತೊಟ್ಟಿ, ಡ್ರೈವರ್ ನಿಲ್ಲುವಲ್ಲೇ ಹಿಂದೆ ಸೌದೆ ತುಂಬುವ ಗೂಡು. ಟ್ರಾಂ ನಿಂತು ಹಳಿ ಕಿತ್ತ ಮೇಲೆ ಮಿಲ್ಲಿನವರು ಗರಗಸ ತಿರುಗಿಸಲು ಅದರ ಉಗಿ ಬಳಸಿದರಂತೆ. ಕರೆಂಟು ಬಂದ ಮೇಲೆ ಅದೂ ನಿಂತು, ಕೋಳಿಗಳು ಮೊಟ್ಟೆಯಿಡುವ ಜಾಗವಾಗಿತ್ತು.

ನಾನಾಗ ಓದು ಮುಗಿಸಿ ಮನೆಯಲ್ಲಿದ್ದೆ, ಹೊತ್ತು ಹೋಗಲೆಂದು ದೊಡ್ಡಮ್ಮನ ಹೋಟೆಲಿನಲ್ಲಿ ಕೈಜೋಡಿಸುತ್ತಿದ್ದೆ. ಗಂಡು ನೋಡುತ್ತಿದ್ದರು. ಒಂದು ಬೆಳಿಗ್ಗೆ ಗುಜರಿಯವರು ಲಾರಿ, ಸಿಲಿಂಡರ್ ಸಮೇತ ಬಂದು ಎಂಜಿನ್ನಿನ ಹೊಗೆಕೊಳವೆಯ ಬುಡಕ್ಕೆ ಕಟರ್ ಹಿಡಿದರು. ದೊಡ್ಡಮ್ಮ ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ರಸ್ತೆ ದಾಟಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಜಿನ್ನು ಹತ್ತಿ, ಸೌದೆಯ ಗೂಡಿನಲ್ಲಿ ಕೂತುಬಿಟ್ಟರು.

“ಈಗ ಕತ್ತರಿಸಿ, ನೋಡುವ” ಅಂದರು.

ಅನ್ನ ಇಳಿಸಿ ನಾನೂ ಓಡಿದೆ. ಮಿಲ್ಲಿನಲ್ಲಿ ರೈಟರಾಗಿದ್ದ ಅವರ ತಮ್ಮ ಆಗಲೇ ಅಲ್ಲಿದ್ದರು. “ಅಕ್ಕಾ, ಇಳಿದು ಬಾ. ಜನ ನೋಡ್ತಿದಾರೆ, ಮರ್ಯಾದೆ ಹೋಗ್ತದೆ.”

“ನಿನ್ನ ಮರ್ಯಾದೆಗೆ ಅಂತಲೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ ಮಾರಾಯ. ನಿನ್ನ ಮಕ್ಕಳ ಮದುವೆ ಎಲ್ಲ ಆಯ್ತಲ್ಲ. ಇನ್ನು ನನ್ನಿಂದ ಆಗೋದಿಲ್ಲ.”

ಮಿಲ್ಲಿನ ಸಾಹುಕಾರರು ಮೆತ್ತಗೆ ಕೇಳಿದರು. “ಈ ತುಕ್ಕು ಕಬ್ಬಿಣಕ್ಕೂ ನಿಮಗೂ ಎಂತ ಸಂಬಂಧ ಅಮ್ಮಾ?”

ದೊಡ್ಡಮ್ಮ ಹೇಳಿದರು. ಕೂಲಿಯವರು, ಗುಜರಿಯವರು, ನಾವೆಲ್ಲ ಕೇಳುತ್ತ ನಿಂತೆವು. ಮದುವೆಯಾದಾಗ ಅವರಿನ್ನೂ ಹುಡುಗಿ. ತರೀಕೆರೆ ಕಡೆಯ ಮನೆ. ಗಂಡ ಹೊಡೆಯುತ್ತಿದ್ದ. ತವರಿನ ಹೆಸರೆತ್ತಿದರೆ ಭತ್ತದ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಒಂದು ಮುಂಜಾನೆ ಹೇಗೋ ತಪ್ಪಿಸಿಕೊಂಡು ಹಳಿಯ ಗುಂಟ ನಡೆದರಂತೆ. ಕಾಡಿನ ನಡುವೆ ಇದೇ ಎಂಜಿನ್ನು ಹಳ್ಳದ ನೀರು ತುಂಬಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಗಂಡನೂ ಮೈದುನನೂ ಎತ್ತಿನ ಗಾಡಿ ಹೊಡೆದುಕೊಂಡು ಬಂದರು. ಊದಿದ ಮುಖ ನೋಡಿ ಡ್ರೈವರ್ ಕೆಳಗೆ ಬಗ್ಗಿದನಂತೆ. ಕೈಹಿಡಿದು ಮೇಲೆ ಎಳೆದು ಸೌದೆಯ ಮೇಲೆ ಕೂರಿಸಿದ. “ಹೆದರಬೇಡ ಕೂಸೇ. ನೀರೂ ಸೌದೆಯೂ ಇದರ ಮೈಮೇಲೇ ಉಂಟು. ಇನ್ನು ನರಸಿಂಹರಾಜಪುರದಲ್ಲೇ ನಿಲ್ಸೋದು.” ಗಂಡ “ಇಳೀ” ಅಂತ ಕೂಗಿದ್ದು ಶಿಳ್ಳೆಯಲ್ಲಿ ಮುಳುಗಿಹೋಯಿತಂತೆ.

ಮಗಳು ಓಡಿಬಂದಳು ಅಂದರೆ ಮನೆತನಕ್ಕೆ ಕೆಟ್ಟ ಹೆಸರು. ಗಂಡನೇ ಬಿಟ್ಟ ಅಂದರೆ ಬರೀ ಅಯ್ಯೋ ಪಾಪ. ಹಾಗಾಗಿ ಅವರ ಅಪ್ಪ ಎರಡನೆಯದನ್ನೇ ಊರಿಗೆ ಹೇಳಿದ್ದರು.

“ಕೇಳಿಸ್ಕೊಳ್ಳಿ,” ದೊಡ್ಡಮ್ಮ ದನಿ ಎತ್ತರಿಸಿದರು. “ನಾನು ಗಂಡ ಬಿಟ್ಟವಳಲ್ಲ. ಗಂಡನ್ನ ಬಿಟ್ಟವಳು. ಬೇಕಾದವರಿಗೆ ಹೋಗಿ ಹೇಳಿ.”

ಗುಜರಿಯವರೇ ಮೊದಲು ಕಟರ್ ಆರಿಸಿದರು. ಸಾಹುಕಾರರು “ಇರ್ಲಿ, ಇವತ್ತು ಬೇಡ” ಎಂದು ಲಾರಿ ವಾಪಸ್ಸು ಕಳಿಸಿದರು. ದೊಡ್ಡಮ್ಮನ ತಮ್ಮ ತಲೆತಗ್ಗಿಸಿ ಹೋದವರು ಬಹಳ ಕಾಲ ಅಕ್ಕನೊಡನೆ ಮಾತಾಡಲಿಲ್ಲ. ಕೆಲವರು ಹೋಟೆಲಿಗೆ ಬರುವುದನ್ನು ಬಿಟ್ಟರು. ಆದರೆ ಕಡಹಿನಬೈಲಿನ ಕಡೆಯಿಂದ ಸಂತೆಗೆ ಬರುತ್ತಿದ್ದ ಹೆಂಗಸರು, ಅಲ್ಲಿಯವರೆಗೆ ಹೊರಗೇ ನಿಲ್ಲುತ್ತಿದ್ದವರು, ಒಳಗೆ ಬಂದು ಬೆಂಚಿನ ಮೇಲೆ ಕೂತು ಕಾಫಿ ಕೇಳತೊಡಗಿದರು. ನನಗೆ ನೆಮ್ಮಾರ್ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಎಲ್ಲರೂ ಒಪ್ಪಿದ್ದರು. ನಾನು ಅಪ್ಪನೆದುರು ನಿಂತು, ಬೇಡ ಅಂದೆ. ಹಾಗೆ ಹೇಳಬಹುದು ಅಂತ ಅದುವರೆಗೆ ನನಗೆ ಹೊಳೆದೇ ಇರಲಿಲ್ಲ.

ಎಂಜಿನ್ನು ಉಳಿಯಲಿಲ್ಲ. ಮಳೆಗಾಲ ಕಳೆದ ಮೇಲೆ ದೊಡ್ಡಮ್ಮ ಶೃಂಗೇರಿಗೆ ಹೋಗಿದ್ದಾಗ ಗುಜರಿಯವರು ಮತ್ತೆ ಬಂದು ಕತ್ತರಿಸಿ ಒಯ್ದರು. ವಾಪಸ್ಸು ಬಂದ ದೊಡ್ಡಮ್ಮ ಚೀಲ ಕೆಳಗಿಡದೆ ಆ ಬರಿಜಾಗವನ್ನೇ ನೋಡುತ್ತ ನಿಂತರು. ಅಳುತ್ತಾರೆ ಅಂದುಕೊಂಡೆ. “ನಾನು ಊರು ಬಿಡೋವರೆಗೂ ಕಾಯ್ಬೇಕಾಯ್ತಲ್ಲ ಮಾರಾಯ್ತಿ, ಅವರಿಗೆ!” ಎಂದು ನಕ್ಕು, ಒಲೆ ಹೊತ್ತಿಸಲು ಒಳಗೆ ಹೋದರು.

ಈಗ ದೊಡ್ಡಮ್ಮ ಇಲ್ಲ. ಮಿಲ್ಲೂ ಇಲ್ಲ, ಅಲ್ಲಿ ಮೊಬೈಲ್ ಅಂಗಡಿಗಳ ಸಾಲು. ಅವರದೊಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಮುಖ ಈಗೀಗ ಮಸುಕಾಗುತ್ತಿದೆ, ಅದು ನನ್ನನ್ನು ಚುಚ್ಚುತ್ತದೆ… ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತ ಕಾಲೇಜು ಹುಡುಗಿಗೆ ಇದನ್ನೆಲ್ಲ ಹೇಳಿದೆ. “ಎನ್.ಆರ್. ಪುರಕ್ಕೆ ರೈಲಾ? ಸುಮ್ನಿರಿ ಆಂಟಿ” ಎಂದು ನಕ್ಕಳು.

ನಗಲಿ. ಅವಳು ಇಳಿಯುವ ಸ್ಟಾಪು ಇನ್ನೂ ದೂರವಿತ್ತು. ನಾನು ಮೊದಲಿನಿಂದ ಮತ್ತೆ ಶುರು ಮಾಡಿದೆ.