ಓಡುವ ಟ್ರಂಪೆಟ್ಟಿಗೆ ಮಾವನ ಬೆರಳು

ಗೆಳೆಯರೇ, ಇವತ್ತು ನನ್ನ ಜೀವ ಬಾಯಿಗೆ ಬಂದಿತ್ತು. ಊರೆಲ್ಲ ಕ್ಯಾಸೆಟ್ ಕೇಳುವಾಗ ನಾನು ಹೈದರಾಬಾದಿನಿಂದ ಬೆಬಾಪ್ ಎಂಬ ಬಿರುಸಿನ ಜಾಝ್ ಟ್ರಂಪೆಟ್ಟಿನ ರಿಕಾರ್ಡು ತರಿಸಿದ್ದೆ. ಅಮೆರಿಕದವರ ಹಳೆಯ ವಾದನ, ದಪ್ಪ ತಟ್ಟೆಯಲ್ಲಿ ಹೊಸದಾಗಿ ಅಚ್ಚು ಹಾಕಿದ್ದು. ಸಿಂಧನೂರಿನ ಮದುವೆಗಳಲ್ಲಿ ಮೂವತ್ತು ವರ್ಷದಿಂದ ಟ್ರಂಪೆಟ್ ಊದುವ ಹನುಮಂತ ಮಾವನನ್ನು ಕರೆದು, ಧೂಳು ಕೂತೀತೆಂದು ಉಸಿರು ಬಿಗಿಹಿಡಿದು ತಟ್ಟೆಯನ್ನು ಪ್ಲೇಯರಿಗೆ ಹಚ್ಚಿದೆ.

"ಲೇ, ಸ್ಪೀಡ್ ತಪ್ಪಿಟ್ಟೀಯಲೇ. ಇಷ್ಟು ಲಗು ಊದಾಕ ಮನುಷ್ಯಾನ ಕೈಲಿ ಆಗ್ತದೇನು?"

ನನಗೂ ಅನುಮಾನ. ಏಳನೆಯದಕ್ಕೆ ಶಾಲೆ ಬಿಟ್ಟವನಿಗೆ ಸ್ಪೀಡಿನ ಬಗ್ಗೆ ಕವರಿನಲ್ಲಿದ್ದ ಇಂಗ್ಲಿಷ್ ಎಲ್ಲಿ ತಿಳಿಯಬೇಕು? "ಸರಿ ಐತ್ರೀ ಮಾವ" ಎನ್ನುವಷ್ಟರಲ್ಲಿ ಅವರು ತಿರುಗುವ ತಟ್ಟೆಯ ಅಂಚಿಗೆ ಬೆರಳು ಒತ್ತಿಯೇಬಿಟ್ಟರು! ಗೀರು ಬಿತ್ತೆಂದು ಕಣ್ಣು ಮುಚ್ಚಿಕೊಂಡೆ. ಟ್ರಂಪೆಟ್ಟು ಎಮ್ಮೆಯಂತೆ ನಿಧಾನವಾಗಿ ಒದರತೊಡಗಿತು.

"ಈಗ ತಿಳೀತು ನೋಡು. ಇಲ್ಲಿ ಉಸುರು ತಗೊಂಡಾನ. ನನ್ನಂಗ ಮನುಷ್ಯಾನೇ ಅದಾನ!"

ಪುಣ್ಯಕ್ಕೆ ಗೀರು ಬಿದ್ದಿಲ್ಲ. ಮಧ್ಯಾಹ್ನದಿಂದ ಮಾವ ಅದನ್ನೇ ಊದಿ ಊದಿ ಕಲಿಯುತ್ತಿದ್ದಾರೆ. ನಾಳೆ ಜವಳಗೇರಾದ ಮದುವೆಯಲ್ಲಿ ಊದುತ್ತಾರಂತೆ. ನನಗೀಗ ಹೊಸ ಚಿಂತೆ. ಆ ಓಟಕ್ಕೆ ಬೀಗರೆಲ್ಲ ಹೆಜ್ಜೆ ಹಾಕಿದರೆ, ಅನ್ನ ಬೇಯುವ ಮೊದಲೇ ಮೆರವಣಿಗೆ ಹಂದರ ಮುಟ್ಟಿರುತ್ತದೆ.