ಬಾಗಿಲು ಕುಡಿದ ಶೇಂಗಾ ಎಣ್ಣೆ

ಹೊನ್ನಾಳಿಯ ನನ್ನ ಅತ್ತೆಮನೆಯ ಬೀದಿಬಾಗಿಲನ್ನು ಬಂದವರೆಲ್ಲ ಹೊಗಳುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನನ್ನ ತವರು ಜಗಳೂರಿನ ಆಚೆ, ಸೊಕ್ಕೆ. ಮದುವೆಯಾದ ವರ್ಷ ಅವ್ವ ನಮ್ಮ ಹೊಲದ ಶೇಂಗಾ ಸುಲಿದು, ಕಾಳು ಆರಿಸಿ, ಗಾಣಕ್ಕೆ ಹಾಕಿಸಿದಳು. ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕ್ಯಾನಿಗೆ ಬಸಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಳು. ಅತ್ತೆ ಮುಚ್ಚಳ ತೆಗೆದು ಮೂಸಿದರು. ಅವ್ವ ಊರಿಗೆ ಹೋಗುವ ತನಕ ಸುಮ್ಮನಿದ್ದು, ಆಮೇಲೆ ಬಾಯಿಬಿಟ್ಟರು.

"ಗಾಣದೆಣ್ಣೆ ನಮ್ಮನೇಲಿ ಯಾರಿಗೂ ಒಗ್ಗಲ್ಲ ಕಣಮ್ಮ. ಬಾಣಲೀಲಿ ನೊರೆ ಬರ್ತೈತೆ, ವಾಸ್ನೆ ಬೇರೆ."

ಸೊಸೆಯ ತವರಿನದಾದರೆ ಅಮೃತಕ್ಕೂ ವಾಸನೆ ಇದ್ದೇ ಇರುತ್ತದೆ. ಅಡುಗೆಗೆ ಅಂಗಡಿಯ ಪ್ಯಾಕೆಟ್ ಎಣ್ಣೆಯೇ ಗತಿಯಾಯಿತು, ಕ್ಯಾನು ಬಚ್ಚಲ ಪಕ್ಕ ಸೇರಿತು. ಅಷ್ಟರಲ್ಲಿ ಯಾರೋ ಅಡುಗೆ ಎಣ್ಣೆಗೆ ನಿಂಬೆರಸ ಕಲಸಿ ಮರಕ್ಕೆ ಪಾಲಿಶ್ ಮಾಡುವುದನ್ನು ಅತ್ತೆ ಮೊಬೈಲಿನಲ್ಲಿ ನೋಡಿದರು. ಸರಿ, ಬಾಗಿಲು, ಕಿಟಕಿ, ಮಂಚದ ಕಾಲು, ಎಲ್ಲಕ್ಕೂ ಅವ್ವನ ಎಣ್ಣೆ. ಹಳೇ ಬನಿಯನ್ ಅದ್ದಿ ಉಜ್ಜುವ ಕೆಲಸ ಯಾರದೆಂದು ಬೇರೆ ಹೇಳಬೇಕೆ? ಗಂಡ ಟಿವಿಯಿಂದ ಕಣ್ಣು ತೆಗೆಯದೆ, "ಹೊಳಪು ಬಂತು ಬಿಡು" ಎಂದರು.

ದೀಪಾವಳಿಗೆ ನನ್ನನ್ನು ಕರೆದೊಯ್ಯಲು ಅವ್ವ ಬಂದಳು. ಚಪ್ಪಲಿ ಬಿಡುವಾಗ ಆಸರೆಗೆಂದು ಚೌಕಟ್ಟು ಹಿಡಿದವಳು ಅಂಗೈಯನ್ನು ಮೂಗಿಗೆ ತಂದಳು. ತನ್ನ ಎಣ್ಣೆಯ ಘಮ ಅವಳಿಗೆ ತಿಳಿಯದೆ ಇದ್ದೀತೆ? ಈಗಲಾದರೂ ನನ್ನ ಪರವಾಗಿ ಒಂದು ಮಾತು ಆಡಿಯಾಳು ಎಂದು ಕಾದೆ.

"ಬಾಗ್ಲು ಬಾಳ ಚೆನ್ನಾಗಿ ಇಟ್ಕಂಡೀರಿ ಬೀಗರೆ," ಎಂದು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು. ಅತ್ತೆ ಕಾಫಿ ಕೊಟ್ಟರು.

ಮುಂದಿನ ವರ್ಷವೂ ಅವ್ವ ಕ್ಯಾನು ಹೊತ್ತುಕೊಂಡೇ ಬಂದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ತರಾಟೆಗೆ ತೆಗೆದುಕೊಂಡೆ.

"ಬಾಗ್ಲಿಗೆ ಬಳಿಯಾಕೆ ಇಂಥ ತಿಳಿ ಎಣ್ಣೆ ಯಾಕವ್ವ? ಗಸಿ ತಂದಿದ್ರೆ ಸಾಕಿತ್ತು."

"ಗಸಿ ಹಚ್ಚಿದ್ರೆ ಜಿಗಟಾಗಿ ಧೂಳು ಕೂರ್ತೈತೆ ಕಣೆ. ಆಮೇಲೆ ನಿನ್ನನ್ನೇ ಅಂತಾರೆ," ಎಂದಳು. "ಗಸಿ ನಾವು ಉಣ್ಣಾಕೆ ಇಟ್ಕಂಡೀವಿ."

ಅತ್ತೆಯ ಮೇಲೂ ಎಂದೂ ಬಾರದಷ್ಟು ಸಿಟ್ಟು ಅವತ್ತು ಅವ್ವನ ಮೇಲೆ ಬಂತು.